ಯಂತ್ರದೊಡನೆ ಕೋಟೆಯ ಕಾಳಗ

ದೆಹಲಿಯಿಂದ ಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಅರಾವಳಿ ಬೆಟ್ಟಗಳ ಸೆರಗಿನಲ್ಲಿ ಹಬ್ಬಿರುವ ಮಾನೇಸರ್ ಕಾರ್ಖಾನೆಗಳ ಊರೆಂಬುದನ್ನು ನಮ್ಮ ಶಾಲೆಯವರೆಲ್ಲರೂ ಬಲ್ಲರು. ಅಲ್ಲಿ ನೆಲಸಿರುವ ಕನ್ನಡ ಮನೆತನಗಳ ಮಕ್ಕಳಾದ ನಮಗೆ ವರ್ಷದಲ್ಲಿ ಎರಡು ಕಾಲ ಬಯಲಿನ ಆಟಗಳು ತಪ್ಪುತ್ತವೆ. ಮೇ, ಜೂನ್ ತಿಂಗಳುಗಳಲ್ಲಿ 'ಲೂ' ಎಂಬ ಬಿಸಿಗಾಳಿ ಬೀಸಿ ಹೊರಗೆ ಕಾಲಿಡಲಾಗದು. ನವೆಂಬರ್ ಬಂದಿತೆಂದರೆ ಹೊಗೆಮಂಜು ಕವಿದು, ಹಿರಿಯರು ಬಾಗಿಲು ಕಿಟಕಿಗಳನ್ನು ಮುಚ್ಚಿಬಿಡುತ್ತಾರೆ. ಅಂತಹ ದಿನಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ಕೋಟೆಯನ್ನು ಕಟ್ಟಿ ಕಾಳಗವಾಡುವ ಆಟವೊಂದು ನಮ್ಮಲ್ಲಿ ಬಳಕೆಗೆ ಬಂದಿದೆ. ಆಡುವವರು ಬಹುಮಂದಿ, ಗೆಲ್ಲುವವರು ಕೆಲವರು. 'ಯಂತ್ರವು ಮೋಸಮಾಡುತ್ತದೆ' ಎಂಬುದು ಸೋತವರೆಲ್ಲರ ದೂರು. ಈ ದೂರು ಎಷ್ಟರಮಟ್ಟಿಗೆ ನಿಜ, ಯಂತ್ರವನ್ನು ಗೆಲ್ಲುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಆಟದ ಹೆಸರು 'ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್'. ಇಂಗ್ಲೆಂಡಿನ ಫೈರ್‌ಫ್ಲೈ ಎಂಬ ಸಂಸ್ಥೆಯು 2001ರಲ್ಲಿ 'ಸ್ಟ್ರಾಂಗ್‌ಹೋಲ್ಡ್' ಎಂಬ ಆಟವನ್ನೂ, 2002ರಲ್ಲಿ ಅದರ ತಮ್ಮನಾದ ಈ ಆಟವನ್ನೂ ಹೊರತಂದಿತು. ಹನ್ನೆರಡನೆಯ ಶತಮಾನದ ಕ್ರೈಸ್ತ ದೊರೆಗಳಿಗೂ ಅರಬ್ ಸುಲ್ತಾನರಿಗೂ ಪ್ಯಾಲೆಸ್ಟೈನಿನ ಮರಳುನಾಡಿನಲ್ಲಿ ನಡೆದ ಧರ್ಮಯುದ್ಧಗಳೇ ಇದರ ವಸ್ತು. ಆಟಗಾರನಿಗೆ ಒಂದು ಬುರುಜುಮನೆ, ಅದರಲ್ಲಿ ಒಬ್ಬ ದೊರೆ, ಸುತ್ತಲೂ ಒಂದಿಷ್ಟು ನೆಲ, ಕೈಯಲ್ಲಿ ಕೆಲವು ಹೊನ್ನು ಇರುತ್ತವೆ. ಮರ ಕಡಿಸಿ, ಕಲ್ಲು ತೆಗೆಸಿ, ಬೇಸಾಯ ಮಾಡಿಸಿ, ಗೋಡೆ ಕಟ್ಟಿಸಿ, ಸೈನ್ಯ ಕೂಡಿಸಬೇಕು. ಅತ್ತ ಕಡೆಯಲ್ಲಿ ಯಂತ್ರವು ನಡೆಸುವ ಶತ್ರು ದೊರೆಯೂ ಅದನ್ನೇ ಮಾಡುತ್ತಿರುತ್ತಾನೆ. ಯಾರ ದೊರೆ ಮೊದಲು ಮಡಿಯುತ್ತಾನೆಯೋ ಅವರು ಸೋತಂತೆ. ಕೋಟೆಯೆಲ್ಲ ಉರುಳಿದರೂ ದೊರೆ ಬದುಕಿದ್ದರೆ ಆಟ ಮುಗಿಯದು. ಕೋಟೆಯೆಲ್ಲ ಗಟ್ಟಿಯಾಗಿದ್ದರೂ ದೊರೆ ಸತ್ತರೆ ಮುಗಿಯಿತು.

ಈಗ ಯಂತ್ರದ ಸ್ವಭಾವವನ್ನು ನೋಡೋಣ. ಮಾನೇಸರ್‌ನ ಮೋಟಾರು ಕಾರ್ಖಾನೆಗಳಲ್ಲಿ ತಗಡುಗಳನ್ನು ಬೆಸೆಯುವ ಯಂತ್ರತೋಳುಗಳುಂಟು. ಒಂದು ತೋಳು ಬಾಗುತ್ತದೆ, ಕಿಡಿ ಹಾರಿಸುತ್ತದೆ, ಏಳುತ್ತದೆ. ಮುಂದಿನ ವಾಹನಕ್ಕೂ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ, ಹಾಗೆಯೇ ಮಾಡುತ್ತದೆ. ದಣಿವಿಲ್ಲ, ಮರೆವಿಲ್ಲ, ಹೊಸ ಯೋಚನೆಯೂ ಇಲ್ಲ. ಕೋಟೆಯ ಆಟದ ಶತ್ರು ದೊರೆಯೂ ಈ ಜಾತಿಯವನೇ. ಒಬ್ಬೊಬ್ಬ ದೊರೆಗೂ ಆಟವನ್ನು ರಚಿಸಿದವರು ಕೆಲವು ಕೋಟೆಗಳ ನಕ್ಷೆಯನ್ನು ಮುಂಚೆಯೇ ಬರೆದಿಟ್ಟಿದ್ದಾರೆ. ಯಾವ ಗೋಡೆ ಮೊದಲು, ಯಾವ ಬುರುಜು ಅನಂತರ ಎಂಬುದೂ ಅದರಲ್ಲಿ ಗೊತ್ತಾಗಿರುತ್ತದೆ. ದೊರೆಯು ಸೈನಿಕರನ್ನು ಕೂಡಿಸುತ್ತ ಹೋಗುತ್ತಾನೆ. ಗೊತ್ತಾದ ಸಂಖ್ಯೆ ತುಂಬಿದೊಡನೆ ದಂಡನ್ನು ಕಳುಹಿಸುತ್ತಾನೆ. ಆ ದಂಡು ಅಳಿದರೆ ಮತ್ತೆ ಕೂಡಿಸತೊಡಗುತ್ತಾನೆ, ಮುಂದಿನ ಸಲ ಇನ್ನಷ್ಟು ದೊಡ್ಡದಾಗಿ. ನಡುನಡುವೆ ಸಣ್ಣ ತುಕಡಿಗಳು ಬಂದು ಹೊರಗಿನ ಹೊಲಗಳನ್ನೂ ಕಲ್ಲುಗಣಿಗಳನ್ನೂ ಕಾಡುತ್ತವೆ. ಇಷ್ಟನ್ನು ಅರಿತವನಿಗೆ ಯಂತ್ರವು ಮೋಸಗಾರನಾಗಿ ಕಾಣುವುದಿಲ್ಲ. ಅದು ಬುದ್ಧಿವಂತನಲ್ಲ, ಶ್ರಮಜೀವಿ. ಏಕಕಾಲದಲ್ಲಿ ಹತ್ತು ಕೆಲಸಗಳನ್ನು ಮಾಡಬಲ್ಲದು, ನಮಗೋ ಕೈ ಎರಡು. ಆದುದರಿಂದ ಕೈಚಳಕದಲ್ಲಿ ಅದರೊಡನೆ ಸ್ಪರ್ಧಿಸುವುದು ವ್ಯರ್ಥ. ಅದರ ಅಭ್ಯಾಸಗಳನ್ನು ಓದಿಕೊಳ್ಳುವುದೊಂದೇ ದಾರಿ.

ಓದಿಕೊಳ್ಳುವುದು ಹೇಗೆ? ಈ ಆಟದಲ್ಲಿ ಶತ್ರುವಿನ ಪ್ರದೇಶಕ್ಕೆ ಮುಸುಕು ಹಾಕಿಲ್ಲ. ಪರದೆಯನ್ನು ಸರಿಸಿಕೊಂಡು ಹೋಗಿ ಅವನ ಕಣಜ, ಅವನ ಗಣಿ, ಅವನ ಸೈನಿಕರ ಗುಂಪು ಎಲ್ಲವನ್ನೂ ನೋಡಬಹುದು. ನೋಡುವವರೇ ಕಡಮೆ! ನಮ್ಮ ಗೆಳೆಯರಲ್ಲಿ ಹೆಚ್ಚಿನವರು ತಮ್ಮ ಗೋಡೆಯ ಮೇಲೆಯೇ ಕಣ್ಣಿಟ್ಟು, ದಂಡು ಬಂದಾಗ ಬೆಚ್ಚಿಬೀಳುತ್ತಾರೆ. ನಾವು ಹೇಳುವುದೇನೆಂದರೆ, ಹೊಸ ದೊರೆಯೊಬ್ಬನೊಡನೆ ಆಡುವಾಗ ಮೊದಲ ಎರಡು ಆಟಗಳನ್ನು ಗೆಲ್ಲುವುದಕ್ಕಾಗಿ ಆಡಬಾರದು, ನೋಡುವುದಕ್ಕಾಗಿ ಆಡಬೇಕು. ಆಟದ ವೇಗವನ್ನು ತಗ್ಗಿಸಿ, ಒಂದು ಹಾಳೆಯ ಮೇಲೆ ಗುರುತು ಮಾಡಿಕೊಳ್ಳಬೇಕು: ಮೊದಲ ದಂಡು ಬಂದುದು ಯಾವಾಗ, ಎಷ್ಟು ಮಂದಿ, ಯಾವ ದಿಕ್ಕಿನಿಂದ, ಬಿಲ್ಲುಗಾರರೆಷ್ಟು, ಏಣಿಯವರೆಷ್ಟು. ಮಾನೇಸರ್‌ನಲ್ಲಿಯೇ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವಿದೆ. 2003ರ ಡಿಸೆಂಬರಿನಲ್ಲಿ ಅಂದಿನ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ ಅವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅಲ್ಲಿನ ವಿಜ್ಞಾನಿಗಳು ಪರಿಶೀಲಿಸುವ ಮನುಷ್ಯನ ಮಿದುಳಿಗೆ ಒಂದು ವರವಿದೆ. ಎರಡು ಮೂರು ಸಲ ಕಂಡುದರಿಂದಲೇ ಅದು ನಿಯಮವನ್ನು ಊಹಿಸಬಲ್ಲದು. ಈ ಆಟದ ಯಂತ್ರಕ್ಕೆ ಆ ವರವಿಲ್ಲ. ನಾವು ನೂರು ಸಲ ಒಂದೇ ಉಪಾಯದಿಂದ ಸೋಲಿಸಿದರೂ ನೂರೊಂದನೆಯ ಸಲ ಅದು ಎಚ್ಚೆತ್ತುಕೊಳ್ಳುವುದಿಲ್ಲ.

ಇನ್ನು ಕಣಜದ ವಿಷಯ. ಆಟವನ್ನು ಗೆಲ್ಲಿಸುವುದು ಕತ್ತಿಯಲ್ಲ, ಕಣಜ. ಆಟದಲ್ಲಿ ಪ್ರಜೆಗಳ ಮೆಚ್ಚುಗೆಗೆ ಒಂದು ಅಂಕವಿದೆ. ಅದು 50ಕ್ಕಿಂತ ಕೆಳಗಿಳಿದರೆ ಜನರು ಊರು ಬಿಟ್ಟು ಹೊರಡುತ್ತಾರೆ. ಜನ ಹೋದರೆ ಕೆಲಸವಿಲ್ಲ, ಕಂದಾಯವಿಲ್ಲ, ಸೈನ್ಯವಿಲ್ಲ. ಮೆಚ್ಚುಗೆ ಏರುವುದು ಹೊಟ್ಟೆತುಂಬ ಊಟದಿಂದ, ಬಗೆಬಗೆಯ ಆಹಾರದಿಂದ, ಪೂಜಾಮಂದಿರಗಳಿಂದ. (ಪಾನಗೃಹದಿಂದಲೂ ಏರುತ್ತದೆ, ಅದನ್ನು ಶಾಲೆಯ ಪತ್ರಿಕೆಯಲ್ಲಿ ವಿವರಿಸಬೇಕಾಗಿಲ್ಲ.) ಇಳಿಯುವುದು ಕಂದಾಯದಿಂದ. ಮರಳುನಾಡಾದುದರಿಂದ ಹಸುರು ನೆಲವಿದ್ದ ಕಡೆಯಲ್ಲಿ ಮಾತ್ರ ಬೆಳೆ ಬರುತ್ತದೆ. ಆದಕಾರಣ ಆಟ ಆರಂಭವಾದೊಡನೆ ಮೊದಲು ಮರ ಕಡಿಯುವವರು, ಆಮೇಲೆ ಹಸುರು ನೆಲದಲ್ಲಿ ಹೊಲ ತೋಟಗಳು, ಅದರ ಹಿಂದೆಯೇ ಕಲ್ಲುಗಣಿ, ಇದು ಸರಿಯಾದ ಕ್ರಮ. ಹೊಟ್ಟೆಗೆ ಗೋಧಿಯ ರೊಟ್ಟಿಯೇ ಉತ್ತಮ. ಒಂದು ಬೀಸುವ ಗಿರಣಿಯು ಹಲವು ರೊಟ್ಟಿಯಂಗಡಿಗಳಿಗೆ ಹಿಟ್ಟು ಒದಗಿಸಬಲ್ಲದು. ಆದರೆ ಗೋಧಿ ಹಿಟ್ಟಾಗಿ, ಹಿಟ್ಟು ರೊಟ್ಟಿಯಾಗಿ ಕಣಜ ಸೇರುವವರೆಗೆ ಹೊತ್ತು ಹಿಡಿಯುವುದರಿಂದ ಅಲ್ಲಿಯವರೆಗೆ ಸೇಬಿನ ತೋಟವೂ ಬೇಟೆಗಾರನೂ ಊರನ್ನು ಸಾಕಬೇಕು. ಉಳಿದುದನ್ನು ಮಾರುಕಟ್ಟೆಯಲ್ಲಿ ಮಾರಿದರೆ ಹೊನ್ನು. ಆತುರಗಾರರು ಇದ್ದ ಹೊನ್ನನ್ನೆಲ್ಲ ಕೂಲಿಯ ಸೈನಿಕರಿಗೆ ಸುರಿದು, ಮೊದಲ ಕಾಳಗವನ್ನು ಗೆದ್ದು, ಎರಡನೆಯದರಲ್ಲಿ ಬರಿಗೈಯಾಗುತ್ತಾರೆ.

ಇದು ಆಟದ ಮಾತು ಮಾತ್ರವೆಂದು ಯಾರೂ ತಿಳಿಯಬಾರದು. ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದಕ್ಕೆ ಸೊಗಸಾದ ನಿದರ್ಶನವಿದೆ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಿನಲ್ಲಿ ಟಿಪ್ಪುಸುಲ್ತಾನನ ರಾಜಧಾನಿಯಾದ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನದೇ ಮೇಲುಗೈಯಾಯಿತು. ಕೋಟೆಯು ಕಣ್ಣಿಗೆ ಕಾಣುತ್ತಿತ್ತು. ಆದರೆ ಮಳೆ ಹಿಡಿಯಿತು, ದವಸ ತೀರಿತು, ಫಿರಂಗಿಗಳನ್ನು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆದೊಯ್ಯಲು ಎತ್ತಿಲ್ಲದುದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಳುಮಾಡಿ ಅವನು ಹಿಂದಿರುಗಬೇಕಾಯಿತು. ಕಾಳಗದಲ್ಲಿ ಗೆದ್ದವನನ್ನು ಎತ್ತಿನ ಹೊಟ್ಟೆ ಸೋಲಿಸಿತು! ಅದೇ ಕಾರ್ನ್‌ವಾಲಿಸನು ಮುಂದೆ ಮಾಡಿದುದನ್ನು ಗಮನಿಸಬೇಕು. ಕೂಡಲೆ ಮತ್ತೆ ಶ್ರೀರಂಗಪಟ್ಟಣಕ್ಕೆ ನುಗ್ಗಲಿಲ್ಲ. ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಹಿಡಿದು ತನ್ನ ಬೆನ್ನ ಹಿಂದಿನ ದಾರಿಯನ್ನು ಭದ್ರಪಡಿಸಿಕೊಂಡನು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬರುವ ಲಂಬಾಣಿ ವರ್ತಕರು ದಂಡಿಗೆ ಅಕ್ಕಿಯನ್ನು ಒದಗಿಸಿದರು. 1792ರ ಫೆಬ್ರವರಿಯಲ್ಲಿ ಅವನು ಪುನಃ ಬಂದಾಗ ಟಿಪ್ಪುವು ಸಂಧಿಗೆ ಒಪ್ಪಿ ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕಾಯಿತು. 1799ರಲ್ಲಿಯೂ ಕಾಲವೇ ಪ್ರಶ್ನೆಯಾಗಿತ್ತು. ಜನರಲ್ ಹ್ಯಾರಿಸನ ದಂಡಿನಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ಮುಂಗಾರು ಬಂದರೆ ಕಾವೇರಿ ತುಂಬಿ ದಾಟಲಾಗದು. ಮೇ 4ರ ನಡುಹಗಲಿನಲ್ಲಿ, ನದಿಯಲ್ಲಿ ನೀರು ಕಡಮೆಯಿದ್ದಾಗಲೇ, ಪಶ್ಚಿಮದ ಮೂಲೆಯ ಗೋಡೆಯಲ್ಲಿ ಫಿರಂಗಿಗಳು ಮಾಡಿದ ಗಂಡಿಯಿಂದ ಲಗ್ಗೆಯಾಯಿತು. ಇನ್ನು ಕೆಲವು ವಾರ ಕೋಟೆ ನಿಂತಿದ್ದರೆ ಚರಿತ್ರೆಯ ಗತಿಯೇ ಬೇರೆಯಾಗುತ್ತಿತ್ತೋ ಏನೋ.

ಆಟದಲ್ಲಿ ನಾವು ಮಾಡಬೇಕಾದುದೂ ಇದನ್ನೇ. ಶತ್ರುವಿನ ಗೋಡೆಯನ್ನು ದಿಟ್ಟಿಸುತ್ತ ಕೂರದೆ ಅವನ ಎತ್ತುಗಳನ್ನು ಹುಡುಕಬೇಕು. ಗಣಿಯಿಂದ ಕಲ್ಲು ಸಾಗಿಸುವ ಎತ್ತು ಈ ಆಟದಲ್ಲಿಯೂ ಉಂಟು; ಬಹುಮಟ್ಟಿಗೆ ಅದು ಕೋಟೆಯ ಹೊರಗೇ ಇರುತ್ತದೆ. ಯಂತ್ರದ ದೊರೆಯು ಕೆಡವಿದ ಗೋಡೆಯನ್ನು ಮತ್ತೆ ಕಟ್ಟುತ್ತಾನೆ, ಸುಟ್ಟ ಹೊಲವನ್ನು ಮತ್ತೆ ಹೂಡುತ್ತಾನೆ; ಆದರೆ ಕಲ್ಲೂ ಹೊನ್ನೂ ಇದ್ದರೆ ತಾನೆ? ಎಂಟು ಹತ್ತು ಕುದುರೆ ಬಿಲ್ಲುಗಾರರು ಸುತ್ತುತ್ತಿದ್ದು, ಗಣಿಯನ್ನೂ ಹೊಲಗಳನ್ನೂ ಮತ್ತೆ ಮತ್ತೆ ಕೆಡಿಸುತ್ತಿದ್ದರೆ ಅವನ ಹೊನ್ನೆಲ್ಲ ರಿಪೇರಿಗೆ ಸೋರಿಹೋಗಿ, ದಂಡು ಕೂಡುವುದು ತಡವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಜಗಲಿಯ ಮೇಲೆ ಗೆರೆ ಕೊರೆದು ಆಡುವ ಆಡು-ಹುಲಿ ಆಟವನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಆಡುಗಳು ಹುಲಿಯನ್ನು ಕೊಲ್ಲುವುದಿಲ್ಲ, ಅದು ಕಾಲಿಡಲು ಮನೆಯಿಲ್ಲದಂತೆ ಮಾಡುತ್ತವೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಶತ್ರುವಿನ ಹೊಲವನ್ನು ಸುಡಲು ಆಟದಲ್ಲಿ ಅತಿ ಸುಲಭವಾದ ಉಪಾಯವೆಂದರೆ 'ಗುಲಾಮ'ನೆಂಬ ಕಾಲಾಳು. ಅವನ ಕೈಯಲ್ಲಿ ಪಂಜು, ಮೈಮೇಲೆ ಕವಚವಿಲ್ಲ, ಬೆಲೆ 5 ಹೊನ್ನು. ಬಿಲ್ಲುಗಾರನೊಬ್ಬನ ಬೆಲೆಗೆ ಹದಿನೈದು ಗುಲಾಮರು. ಮೂವತ್ತು ಮಂದಿಯನ್ನು ಅಟ್ಟಿದರೆ ಇಪ್ಪತ್ತೈದು ಮಂದಿ ಬಾಣಕ್ಕೆ ಬಿದ್ದರೂ ಐವರು ಹೋಗಿ ಬೆಂಕಿಯಿಡುತ್ತಾರೆ. ಲೆಕ್ಕದಲ್ಲಿ ಇದು ಲಾಭ. ಆಟದ ಅಂಕಪಟ್ಟಿಯಲ್ಲಿ ಆ ಇಪ್ಪತ್ತೈದು ಮಂದಿಗೆ ಬೆಲೆಯಿಲ್ಲ. ಹೊಲ ಸುಟ್ಟುಹೋದ ಒಕ್ಕಲಿಗನು ಏನಾದನೆಂದು ಕೇಳುವವರೂ ಇಲ್ಲ. ಆದರೆ ಮೇಲೆ ಹೇಳಿದ 1791ರ ಯುದ್ಧದಲ್ಲಿ ವೈರಿಯ ಎತ್ತುಗಳಿಗೆ ಮೇವು ಸಿಕ್ಕದಿರಲೆಂದು ದಾರಿಯ ಹುಲ್ಲನ್ನೂ ಪೈರನ್ನೂ ಸುಡಿಸಿದುದುಂಟು. ಅದು ಮೈಸೂರು ಸೀಮೆಯ ರೈತರ ಪೈರು. ಅದು ಯುದ್ಧತಂತ್ರವೆಂದು ಪಾಠಪುಸ್ತಕವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ. ಆ ವರ್ಷ ಆ ಹಳ್ಳಿಗಳಲ್ಲಿ ಏನನ್ನು ಉಂಡರು? ನಾವು ನಾಲ್ಕೈದು ಮಂದಿ ಗೆಳೆಯರು ಈ ವಿಷಯದಲ್ಲಿ ವಾದ ಮಾಡಿದ್ದೇವೆ. ಆಟವೆಂದರೆ ಆಟ, ಪರದೆಯ ಮೇಲಿನ ಚುಕ್ಕಿಗಳಿಗೆ ಮರುಗುವುದೇಕೆ ಎಂದು ಕೆಲವರು ಅಂದರು. ಅದೂ ತಳ್ಳಿಹಾಕುವ ಮಾತಲ್ಲ. ಆದರೂ ಗುಲಾಮರನ್ನು ಕೊಳ್ಳದೆ ಆಡುವುದೆಂಬ ಕಟ್ಟುಪಾಡನ್ನು ನಮ್ಮಲ್ಲಿ ಮಾಡಿಕೊಂಡೆವು. ಅದರಿಂದ ಆಟ ಕಷ್ಟವಾಯಿತು; ರುಚಿಯೂ ಹೆಚ್ಚಿತು. ಅಗ್ಗದ ಆಳು ಸಿಕ್ಕದಿದ್ದಾಗಲೇ ಒಬ್ಬೊಬ್ಬ ಸವಾರನನ್ನೂ ಎಲ್ಲಿ ನಿಲ್ಲಿಸಬೇಕೆಂದು ಯೋಚಿಸತೊಡಗುತ್ತೇವೆ.

ರಕ್ಷಣೆಯ ವಿಷಯಕ್ಕೆ ಬರೋಣ. ಗೋಡೆಯನ್ನು ಊರಿನ ಸುತ್ತಲೂ ದೂರದಲ್ಲಿ ಹಾಕಬೇಕೆಂಬುದು ಹೊಸಬರ ಆಸೆ. ಅಷ್ಟು ಉದ್ದದ ಗೋಡೆಗೆ ಕಲ್ಲೂ ಸಾಲದು, ಕಾವಲೂ ಸಾಲದು. ಕಣಜ, ಆಯುಧಶಾಲೆ, ದೊರೆಯ ಬುರುಜು ಇವುಗಳನ್ನು ಒಳಗಿಟ್ಟು ಚಿಕ್ಕದಾಗಿ, ದಪ್ಪವಾಗಿ ಕಟ್ಟುವುದು ಲೇಸು. ಎತ್ತರದ ಬುರುಜಿನ ಮೇಲಿನ ಬಿಲ್ಲುಗಾರನ ಬಾಣವು ನೆಲದವನ ಬಾಣಕ್ಕಿಂತ ದೂರ ಹೋಗುತ್ತದೆ. ಆದುದರಿಂದ ಮೊದಲ ಬುರುಜನ್ನು ಶತ್ರುವಿನ ದಂಡು ಬರುವ ದಿಕ್ಕಿನಲ್ಲಿಯೇ ಎಬ್ಬಿಸಬೇಕು. ಆ ದಿಕ್ಕು ಹಾಳೆಯ ಮೇಲೆ ಗುರುತಾಗಿದೆಯಷ್ಟೆ. ಬೆಂಕಿಗೆ ಬಾವಿ ಬೇಕು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಿದವರು ಅಲ್ಲಿನ ಗೋಡೆಗಳನ್ನು ಹೊಗಳುತ್ತಾರೆ. ನಾವು ಅಲ್ಲಿನ ಹೊಂಡಗಳನ್ನು ಹೊಗಳುತ್ತೇವೆ. ಬಂಡೆಗಳ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡಗಳಲ್ಲಿ ನಿಂತು ಕೋಟೆಯನ್ನು ಕಾಪಾಡಿತು. ಹೈದರಾಲಿಯು ಒಂದಕ್ಕಿಂತ ಹೆಚ್ಚು ಸಲ ಮುತ್ತಿಗೆ ಹಾಕಿ, 1779ರಲ್ಲಿ ಮಾತ್ರ ಮದಕರಿನಾಯಕನಿಂದ ಅದನ್ನು ಗೆದ್ದುಕೊಂಡನು. ಹುಡುಗರು ರಜೆಯಲ್ಲಿ ತುಘಲಕಾಬಾದಿನ ಕೋಟೆಗೂ ಹೋಗಿ ಬರಲಿ. 1321ರ ಸುಮಾರಿಗೆ ಕಟ್ಟತೊಡಗಿದ ಆ ಓರೆಗೋಡೆಗಳು ಇಂದಿಗೂ ಭಯ ಹುಟ್ಟಿಸುತ್ತವೆ. ಆದರೂ ಕಟ್ಟಿದ ಕೆಲವೇ ವರ್ಷಗಳಲ್ಲಿ ಊರು ಬರಿದಾಯಿತು.

ಒನಕೆ ಓಬವ್ವನ ಕಥೆಯನ್ನು ನಮ್ಮವರಾರೂ ಕೇಳದೆ ಇಲ್ಲ. ಬಂಡೆಯ ಕಿಂಡಿಯಲ್ಲಿ ಒಬ್ಬೊಬ್ಬನಾಗಿ ನುಸುಳಿ ಬಂದ ಸೈನಿಕರನ್ನು ಆಕೆ ಒನಕೆಯಿಂದ ಬಡಿದುರುಳಿಸಿದಳೆಂಬುದು ಜನರ ನೆನಪಿನಲ್ಲಿ ಉಳಿದಿದೆ. ಅಲ್ಲಿ ಕೆಲಸ ಮಾಡಿದುದು ಆಕೆಯ ಧೈರ್ಯವಷ್ಟೇ ಅಲ್ಲ, ಕಿಂಡಿಯ ಇಕ್ಕಟ್ಟು ಕೂಡ. ಸಾವಿರ ಮಂದಿ ಹೊರಗಿದ್ದರೂ ಆಕೆಯ ಮುಂದೆ ಒಂದು ಕ್ಷಣಕ್ಕೆ ಒಬ್ಬನೇ. ಆಟದಲ್ಲಿ ಈ ಕಿಂಡಿಯನ್ನು ನಾವೇ ಮಾಡಬಹುದು. ಗೋಡೆಯೆಲ್ಲ ಮುಚ್ಚಿದ್ದರೆ ಯಂತ್ರದ ಸೈನಿಕರು ಗೋಡೆಯನ್ನೇ ಒಡೆಯತೊಡಗುತ್ತಾರೆ. ಒಂದು ಇಕ್ಕಟ್ಟಾದ ದಾರಿ ತೆರೆದಿದ್ದರೆ ಬಹುತೇಕ ಆ ದಾರಿಯನ್ನೇ ಹಿಡಿಯುತ್ತಾರೆ. ಆ ದಾರಿಯ ಎರಡು ಕಡೆಗಳಲ್ಲಿಯೂ ಬುರುಜು, ಬುರುಜಿನ ಮೇಲೆ ಅಡ್ಡಬಿಲ್ಲಿನವರು, ಕೊನೆಯಲ್ಲಿ ನಾಲ್ಕಾರು ಈಟಿಗಾರರು ಇದ್ದರೆ ಸಾಕು. ಮನುಷ್ಯನಾದರೆ ಎರಡನೆಯ ಸಲ ಆ ಬಾಗಿಲಿಗೆ ಬರುವನೆ? ಯಂತ್ರವು ಬರುತ್ತದೆ.

ಲಗ್ಗೆಯ ಕಾಲ ಯಾವುದು? ಶತ್ರುವಿನ ದಂಡು ನಮ್ಮ ಕಿಂಡಿಯಲ್ಲಿ ಅಳಿದ ಮರುಕ್ಷಣ. ಆಗ ಅವನ ಮನೆ ಬರಿದಾಗಿರುತ್ತದೆ, ಹೊಸ ದಂಡು ಇನ್ನೂ ಕೂಡಿರುವುದಿಲ್ಲ. ನಮ್ಮ ಪಡೆಯು ಮೊದಲೇ ಅರ್ಧ ದಾರಿಯಲ್ಲಿ ಕಾದಿರಬೇಕು. ಎಂಜಿನಿಯರರು ಕಲ್ಲೆಸೆಯುವ ಯಂತ್ರವನ್ನು ಕಟ್ಟಿ ಒಂದೇ ಬುರುಜನ್ನು ಕೆಡವಬೇಕು, ನಾಲ್ಕು ಕಡೆಗೆ ಕಲ್ಲು ಹಂಚಬಾರದು. ಗೋಡೆಯ ಮೇಲಿನ ಬಿಲ್ಲುಗಾರರನ್ನು ತೆಗೆಯದೆ ಏಣಿಯವರನ್ನು ಕಳುಹಿಸಬಾರದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಮುತ್ತಿದಾಗ ಆದುದೂ ಹೀಗೆಯೇ. ಗೋಡೆಯ ಕಲ್ಲು ಕೀಳಲು ಹೋದವರು ಮೇಲಿನ ಹೊಡೆತಕ್ಕೆ ಸಾಯುತ್ತಿದ್ದರು. ಕ್ರಿಸ್ತೊವಾವ್ ದ ಫಿಗೈರೆದೊ ಎಂಬ ಪೋರ್ಚುಗೀಸನು ತನ್ನ ಕೋವಿಯವರೊಡನೆ ಬಂದು ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆಯತೊಡಗಿದ ಮೇಲೆ ಕೆಳಗಿನವರ ಕೆಲಸ ಸಾಗಿತು. ಏನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಪತಿಯೇ ಗುಂಡಿಗೆ ಬಲಿಯಾದನು. ಕೋಟೆ ಶರಣಾಯಿತೆಂದು ನೂನಿಜನು ಬರೆದಿದ್ದಾನೆ. ದೊರೆ ಬಿದ್ದರೆ ಆಟ ಮುಗಿಯಿತೆಂಬ ನಿಯಮವು ಎಷ್ಟು ಹಳೆಯದು!

ಇಷ್ಟೆಲ್ಲ ಉಪಾಯಗಳು ಎಲ್ಲ ಯಂತ್ರಗಳ ಮೇಲೂ ನಡೆಯುವುವೆಂದು ತಿಳಿಯಬಾರದು. 1997ರಲ್ಲಿ 'ಡೀಪ್ ಬ್ಲೂ' ಎಂಬ ಗಣಕಯಂತ್ರವು ಚದುರಂಗದ ವಿಶ್ವವಿಜೇತ ಕಾಸ್ಪರೋವನನ್ನು ಸೋಲಿಸಿತು. 2016ರಲ್ಲಿ 'ಆಲ್ಫಾಗೋ' ಎಂಬುದು ಗೋ ಆಟದ ಮಹಾಪಟು ಲೀ ಸೆಡಾಲನನ್ನು ಐದು ಆಟಗಳಲ್ಲಿ ನಾಲ್ಕರಲ್ಲಿ ಗೆದ್ದಿತು. 2019ರ ವೇಳೆಗೆ 'ಆಲ್ಫಾಸ್ಟಾರ್' ಎಂಬುದು ನಮ್ಮ ಕೋಟೆಯಾಟದ ದಾಯಾದಿಯಾದ 'ಸ್ಟಾರ್‌ಕ್ರಾಫ್ಟ್' ಕಾಳಗದಲ್ಲಿ ಅತ್ಯುನ್ನತ ದರ್ಜೆಯ ಆಟಗಾರರ ಸಾಲಿಗೆ ಏರಿತು. ಕೊನೆಯ ಎರಡು ಯಂತ್ರಗಳು ಮನುಷ್ಯರ ಆಟಗಳನ್ನು ನೋಡಿಯೂ, ತಮ್ಮೊಡನೆ ತಾವೇ ಲೆಕ್ಕವಿಲ್ಲದಷ್ಟು ಸಲ ಆಡಿಯೂ ಕಲಿತುಕೊಂಡಂಥವು. ಅವುಗಳ ಮುಂದೆ ನಮ್ಮ ಕಿಂಡಿಯ ಉಪಾಯ ನಿಲ್ಲದು. 2002ರ ಕೋಟೆಯಾಟದ ದೊರೆಗಳು ಬರೆದಿಟ್ಟ ಪಾಠವನ್ನು ಒಪ್ಪಿಸುವವರು.

ಆ ದೊರೆಗಳ ಹೆಸರುಗಳಲ್ಲಿ ಸಲಾದೀನ್, ರಿಚರ್ಡ್ ಎಂಬ ಎರಡು ಚರಿತ್ರೆಯವು. ನಿಜವಾದ ಸಲಾದೀನನು 1187ರ ಜುಲೈನಲ್ಲಿ ಹತ್ತೀನ್ ಎಂಬಲ್ಲಿ ಶತ್ರುಗಳನ್ನು ನೀರಿಲ್ಲದ ನೆಲದ ಮೇಲೆ ಬಿಸಿಲಿನಲ್ಲಿ ನಡೆಯುವಂತೆ ಮಾಡಿ, ಬಾಯಾರಿ ಬಳಲಿದವರನ್ನು ಮುತ್ತಿ ಗೆದ್ದನು. ಅಕ್ಟೋಬರಿನಲ್ಲಿ ಜೆರೂಸಲೇಮ್ ಅವನದಾಯಿತು. ಅದನ್ನು ಮರಳಿ ಪಡೆಯಲು ಬಂದ ರಿಚರ್ಡನು ಎರಡು ಸಲ ನಗರದ ಹತ್ತಿರಕ್ಕೆ ಹೋಗಿಯೂ, ನೀರು ಮತ್ತು ದವಸದ ದಾರಿ ಭದ್ರವಿಲ್ಲವೆಂದು ಕಂಡು, ಮುತ್ತಿಗೆ ಹಾಕದೆಯೇ ಹಿಂದಿರುಗಿದನು. ಆಟದ ರಿಚರ್ಡನಿಗೆ ಈ ವಿವೇಕವಿಲ್ಲ. ಅವನು ಸಂಖ್ಯೆ ತುಂಬಿದೊಡನೆ ಬಂದೇ ಬರುತ್ತಾನೆ.

ಹೊಸದಾಗಿ ಆಡುವ ಕಿರಿಯರು 'ಇಲಿ' ಎಂಬ ದೊರೆಯಿಂದ ಆರಂಭಿಸುವುದು ಒಳ್ಳೆಯದು. ಅವನ ಕೋಟೆ ಸಣ್ಣದು, ಸೈನಿಕರು ಬಡಕಲು; ಬೇಗ ಬರುತ್ತಾನೆ, ಬೇಗ ಸಾಯುತ್ತಾನೆ. ಅವನ ಮೇಲೆ ಹಾಳೆ ಬರೆಯುವ ಅಭ್ಯಾಸವನ್ನು ಮಾಡಿಕೊಳ್ಳಬಹುದು. 'ಹಂದಿ'ಯ ಗದೆಗಾರರು ಬಂದಾಗ ಅಡ್ಡಬಿಲ್ಲಿಲ್ಲದೆ ಸಾಗದು. 'ಖಲೀಫ'ನು ಬೆಂಕಿಯ ದೊರೆ. ಅವನೆದುರು ಮರದ ಕಟ್ಟಡಗಳನ್ನು ಒತ್ತಾಗಿ ಕಟ್ಟದೆ, ಬಾವಿಗಳನ್ನು ಎರಡರಷ್ಟು ತೋಡಿಸಬೇಕು. 'ತೋಳ'ನ ಗೋಡೆಗಳು ಬಹಳ ದಪ್ಪ. ಅವನ ಕಲ್ಲುಗಣಿಯನ್ನು ಮೊದಲ ಕಾಲು ಗಂಟೆಯೊಳಗೆ ಕೆಡಿಸದಿದ್ದರೆ ಅನಂತರ ಬಹು ದೀರ್ಘವಾದ ಮುತ್ತಿಗೆಗೆ ಸಿದ್ಧರಾಗಬೇಕಾಗುತ್ತದೆ. ಸಲಾದೀನನನ್ನೂ ರಿಚರ್ಡನನ್ನೂ ಒಟ್ಟಿಗೆ ಎದುರಿಗೆ ಹಾಕಿಕೊಳ್ಳುವುದು ರಜೆಯ ದಿನಗಳಿಗೆ ಮಾತ್ರ ತಕ್ಕದ್ದು, ಏಕೆಂದರೆ ಅದು ಒಂದು ಸಂಜೆಯಲ್ಲಿ ಮುಗಿಯುವ ಕಾಳಗವಲ್ಲ.